ಬೆನ್ನಿಗೆ ಕೆತ್ತಿದ ಗೋಡೆ

"ಖರೇನ ಹೇಳಾಕತ್ತೇನಿ ನಬಿಸಾಬಣ್ಣ, ನಮ್ಮವರು ಮಗ್ಗದಾಗ ಸಿಕ್ಕೊಂಡಾರ. ಮ್ಯಾಲ ಏಳಾಕ ಬರವಲ್ದು."

ಗೌಂಡಿ ನಬಿಸಾಬ ಕಲಸುತ್ತಿದ್ದ ಮಣ್ಣನ್ನು ಬಿಟ್ಟು ತಲೆ ಎತ್ತಿದ. "ಸಿಕ್ಕೊಂಡಾನಂದ್ರ? ಕೂಡೂ ಮುಂದ ಹೆಂಗ ಕೂತ?"

"ಉಸರ ಬಿಗಿ ಹಿಡಿದು ತುರುಕ್ಕೊಂಡ್ರು. ನಗಬ್ಯಾಡ ನೀ," ಅಂದಳು ಬಸಲಿಂಗವ್ವ.

ನಗುತ್ತಲೇ ಹೊರಟ.

ಇಳಕಲ್ಲಿನ ಆ ಓಣಿಯಲ್ಲಿ ಎಲ್ಲರದೂ ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಅಂಚಿನ ಮೇಲೆ ಕೂರಬೇಕು. ಬೆನ್ನಿಗೆ ಮಣ್ಣಿನ ಗೋಡೆ, ಎದುರಿಗೆ ನೇಯ್ದ ಸೀರೆ ಸುತ್ತುವ ಮರ. ಈ ಎರಡರ ನಡುವೆ ಬಸಲಿಂಗವ್ವನ ಗಂಡ ಅಮಾತೆಪ್ಪನ ಹೊಟ್ಟೆ ಸಿಕ್ಕಿತ್ತು. ಇಬ್ಬರೂ ಕಂಕುಳಿಗೆ ಕೈ ಹಾಕಿ ಎಳೆದರು. ಮೇಲೆ ಬಂದವನು ಗೋಡೆಗೊರಗಿ ಬಹಳ ಹೊತ್ತು ಏದುಸಿರು ಬಿಟ್ಟ. ಆಗ ಯಾರೂ ನಗಲಿಲ್ಲ. ಬಸಲಿಂಗವ್ವ ಅವನನ್ನು ನೇರ ದವಾಖಾನೆಗೆ ಕರೆದುಕೊಂಡು ಹೋದಳು.

ತೂಕದ ಮುಳ್ಳು ತೊಂಬತ್ತೆಂಟಕ್ಕೆ ನಿಂತಿತು. ಡಾಕ್ಟರು ಬಿ.ಪಿ. ನೋಡಿ ಕೇಳಿದರು, "ಏನೇನು ತಿಂತಿ?"

"ಅಂಥಾದ್ದೇನಿಲ್ರಿ. ಮುಂಜಾನಿ ಮಂಡಕ್ಕಿ ಒಗ್ಗರಣಿ, ಅದರ ಜೋಡಿ ಮಿರ್ಚಿ. ಆಮ್ಯಾಲ ರೊಟ್ಟಿ."

"ಎಷ್ಟು ರೊಟ್ಟಿ?"

ಅಮಾತೆಪ್ಪ ಹೆಂಡತಿಯ ಮುಖ ನೋಡಿದ. "ನಾಕು," ಅಂದ.

"ಏಳು," ಅಂದಳು ಅವಳು. "ಚಹಾ ಲೆಕ್ಕಾ ಇಲ್ರಿ. ಸಕ್ಕರಿ ಕಮ್ಮಿ ಆದ್ರ ಕಪ್ಪ ವಾಪಸ್ ಕಳಿಸ್ತಾರ."

"ನಾ ದಿನಾ ಕಾಲಿಲೆ ಮಗ್ಗ ತುಳಿತೇನ್ರಿ," ಅಂದ ಅಮಾತೆಪ್ಪ. "ಮೈಗೇನು ಕೆಲಸ ಕಮ್ಮಿ ಇಲ್ಲ."

"ಕಾಲ ತುಳಿತಾವ, ಮೈ ಕೂತಲ್ಲೇ ಐತಿ. ಬಿ.ಪಿ. ಏರೇತಿ. ಹಿಂಗ ಬಿಟ್ಟರ ಸಕ್ಕರಿ ಬ್ಯಾನಿ ಬರತೈತಿ, ಎದಿಗೂ ತ್ರಾಸ, ಮೊಣಕಾಲಿಗೂ ತ್ರಾಸ. ಉಪವಾಸ ಏನೂ ಮಾಡಬ್ಯಾಡ. ಮೂರು ರೊಟ್ಟಿ ಉಣ್ಣು, ಪಲ್ಯಾ ಹೆಚ್ಚು ಹಾಕ್ಕೋ. ಕರಿದದ್ದು ಬಿಡು, ಚಹಾಕ್ಕ ಸಕ್ಕರಿ ಬ್ಯಾಡ. ದಿನಾ ನಡಿ. ಸಾವಕಾಶ ಇಳಿತೈತಿ. ತಿಂಗಳಿಗೆ ಎರಡು ಮೂರು ಕಿಲೋ ಇಳಿದ್ರ ಸಾಕು."

ಅಮಾತೆಪ್ಪ ಎಲ್ಲಕ್ಕೂ ತಲೆಯಾಡಿಸಿದ. ಮನೆಗೆ ಬಂದವನೇ ನಬಿಸಾಬನಿಗೆ, "ಹಾರಿ ತೊಗೊಂಡು ಬಾ. ಗೋಡಿ ಇನ್ನೊಂದಿಷ್ಟು ಕೆತ್ತು," ಅಂದ.

ಆ ಗೋಡೆಯನ್ನು ಎರಡು ಸಲ ಕೆತ್ತಿದವನು ನಬಿಸಾಬನೇ. ತುರ್ತು ಪರಿಸ್ಥಿತಿ ಬಂದ ವರ್ಷ ಒಮ್ಮೆ, ಕಳೆದ ದೀಪಾವಳಿಗೆ ಒಮ್ಮೆ. ಈಗ ಅಲ್ಲಿ ಅಮಾತೆಪ್ಪನ ಬೆನ್ನಿನ ಅಳತೆಯ ಗೂಡೇ ಆಗಿತ್ತು. ನಬಿಸಾಬ ಬೆರಳಿನಿಂದ ಗೋಡೆ ತಟ್ಟಿ ನೋಡಿದ.

"ಲೇ, ಇನ್ನ ಕೆತ್ತಿದ್ರ ನೀ ಆಚಿ ಮನಿ ಸಂಗವ್ವನ ಅಡಿಗಿ ಮನ್ಯಾಗ ಕೂತು ನೇಯತಿ. ಆಕಿ ಒಲಿ ಮ್ಯಾಲ."

"ಚ್ಯಾಷ್ಟಿ ಸಾಕು. ಶಾರವ್ವನ ಕುಬಸ ಎರಡು ತಿಂಗಳಿಗೈತಿ."

ಕೆರೂರಿಗೆ ಕೊಟ್ಟ ಮಗಳು ಶಾರವ್ವ ಚೊಚ್ಚಲ ಬಸುರಿ. ಆ ಸೀಮಂತಕ್ಕೆ ಹಸಿರು ಸೀರೆಯನ್ನು ತನ್ನ ಕೈಯಾರೆ ನೇಯ್ದು ಉಡಿಸುತ್ತೇನೆಂದು ಅಮಾತೆಪ್ಪ ಬೀಗರೆದುರು ಹೇಳಿ ಬಂದಿದ್ದ. ಒಡಲು ನೇಯ್ದು ಮುಗಿದಿತ್ತು. ಸೆರಗಿನ ಕೆಂಪು ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕುವುದು ಬಾಕಿ ಇತ್ತು. ಅದಕ್ಕೆ ಮಗ್ಗದ ಮೇಲೆ ಪೂರಾ ಬಾಗಬೇಕು.

ನಬಿಸಾಬ ಹಾರಿ ಕೆಳಗಿಟ್ಟ. "ಒಂದ ಕೆಲಸ ಮಾಡು. ಗೋಡಿ ಕೆತ್ತೇನಿ ಅಂತ ತಿಳಕೋ. ಕುಣಿ ಬಿಟ್ಟು ಇಲ್ಲಿ ಹೊರಗ ಕೂಡು. ಮರ ಇಲ್ಲಿ." ಹಾರಿಯನ್ನೇ ಹೊಟ್ಟೆಯ ಮುಂದೆ ಅಡ್ಡ ಹಿಡಿದ. ಅದರಾಚೆ ನೆಲದ ಮೇಲೆ ಇದ್ದಿಲಿನಿಂದ ಗೆರೆ ಎಳೆದ. "ಕೊಂಡಿ ಹಾಕೂ ಜಾಗಾ ಇದು. ಮುಟ್ಟು ನೋಡೂಣು."

ಅಮಾತೆಪ್ಪ ಬಾಗಿದ. ಹೊಟ್ಟೆ ಹಾರಿಗೆ ಒತ್ತಿತು. ಕೈ ಚಾಚಿದ. ಬೆರಳು ಗೆರೆಗಿಂತ ಒಂದು ಗೇಣು ಈಚೆಗೇ ನಿಂತವು. ಮತ್ತೊಮ್ಮೆ ಚಾಚಿದ, ಹಣೆಯಲ್ಲಿ ಬೆವರು ಬಂತು.

"ಗೋಡಿ ಎಷ್ಟು ಹಿಂದ ಸರಿದ್ರೂ ಮುಂದ ಹೊಟ್ಟಿ ಇರತೈತಲ್ಲೋ," ಅಂದ ನಬಿಸಾಬ ಮೆಲ್ಲಗೆ.

"ಕೊಂಡಿ ನಾ ಹಾಕ್ಲೇನು?" ಅಂದಳು ಬಸಲಿಂಗವ್ವ.

ಅಮಾತೆಪ್ಪ ಗೆರೆಯನ್ನೇ ನೋಡುತ್ತ ಕೂತ. "ಬ್ಯಾಡ. ಆಕಿ ಸೀರಿ ನಾನ ಮುಗಸ್ತೇನಿ. ಎರಡು ತಿಂಗಳಾಗ ಒಂದ್ ಗೇಣು ಇಳಿತೈತೇನು?"

"ಗೇಣಿಂದು ಗೊತ್ತಿಲ್ಲಪಾ. ಹುನಗುಂದ ರಸ್ತೆದಾಗ ಕೆಲಸ ಹಿಡಿದೇನಿ, ಎರಡು ಮೈಲು. ದಿನಾ ನಡಕೋಂತ ಹೋಗ್ತೇನಿ. ನಾಳಿಂದ ನೀನೂ ಬಾ. ಮುಂಜಾನಿ ಆರಕ್ಕ, ಬಸ್ ಸ್ಟ್ಯಾಂಡಿನ ಬೇವಿನ ಗಿಡದ ಬುಡಕ."

"ಮಂದಿ ಏನಂತಾರ? ಕೆಲಸಿಲ್ಲದ ಅಡ್ಡಾಡ್ತಾನ ಅಂತಾರ."

"ಅನ್ನಾವರನ್ನ ಜೋಡಿಗೆ ಕರಿ."

ಅಮಾತೆಪ್ಪ ನೆಲಕ್ಕೆ ಕೈಯೂರಿ ಎದ್ದ.

"ಆರು ಬ್ಯಾಡ," ಅಂದ. "ಐದೂವರಿಗೆ ಬರ್ತೇನಿ. ಮಂದಿ ಏಳೂದ್ರಾಗ."