ಸೋಲಲಿಕ್ಕೆ ಹೂಡಿದ ಆಟ

ಬಂಗಾಳದ ಟಾಲಿಗಂಜ್‌ನ ಓಣಿಯ ಕ್ಲಬ್ಬು ನಡೆಸುವ ಚೆಸ್ ಟೂರ್ನಿಯಲ್ಲಿ ಶರಣಪ್ಪನವರು ಮೂರು ಸಲ ಫೈನಲ್ ತಲುಪಿ ಮೂರೂ ಸಲ ಸೋತವರು. ಮುಂದಿನ ತಿಂಗಳು ರೈಲ್ವೆಯಿಂದ ನಿವೃತ್ತಿ, ಆಮೇಲೆ ಹುಬ್ಬಳ್ಳಿ. ಕಪ್ ಗೆಲ್ಲಲು ಉಳಿದಿದ್ದು ಈ ಫೈನಲ್ ಒಂದೇ. ಆದರೆ ಎದುರಾಳಿಯಾಗಿ ಬಂದವನು ಮಾಧವ. ಸಾಲ್ಟ್ ಲೇಕಿನ ಸಾಫ್ಟ್‌ವೇರ್ ಕಂಪನಿಯವನು, ಹೋದ ಭಾನುವಾರವಷ್ಟೇ ಮಗಳು ಪೂರ್ವಿಯನ್ನು ನೋಡಿಕೊಂಡು ಹೋದ ವರ.

"ಸೋತು ಬರ್ರಿ," ಎಂದರು ಹೆಂಡತಿ ಚನ್ನಮ್ಮ, ಅಂಗಿಗೆ ಇಸ್ತ್ರಿ ಮಾಡುತ್ತ. "ಹೆಣ್ಣಿನ ಅಪ್ಪ ಗೆದ್ದು ಮೀಸಿ ತಿರುವಿದ್ರ ಬೀಗರಿಗೆ ಹೆಂಗ ಕಾಣ್ತದ?"

"ಚಲೋ ಆಡಿ ಸೋಲ್ತೀನಿ ತಗೋ."

"ಚಲೋ ಯಾಕ ಆಡ್ತೀರಿ? ಸುಮ್ಮ ಸೋಲ್ರಿ."

ಶರಣಪ್ಪನವರಿಗೆ ಬಿಳಿ ಕಾಯಿ ಬಂತು. ಮನಸ್ಸು ಗಟ್ಟಿ ಮಾಡಿಕೊಂಡು, ಮೊದಲೆರಡು ನಡೆಯಲ್ಲೇ ರಾಜನ ಪಕ್ಕದ ಕಾಲಾಳುಗಳನ್ನು ಮುಂದೆ ತಳ್ಳಿ ಬಾಗಿಲು ತೆರೆದಿಟ್ಟರು. ಮಾಧವನ ರಾಣಿ ಬಂದರೆ ಆಟ ಮುಗಿಯಿತು. ಮಾಧವ ಬಹಳ ಹೊತ್ತು ಯೋಚಿಸಿ ಮೂಲೆಯ ಕಾಲಾಳನ್ನು ಒಂದು ಮನೆ ಸರಿಸಿದ. ಆಮೇಲೆ ತನ್ನ ಕುದುರೆಯನ್ನೇ ಬಿಟ್ಟಿ ಒಡ್ಡಿದ. ಶರಣಪ್ಪನವರು ಅದನ್ನು ಮುಟ್ಟದೆ ತಮ್ಮ ಆನೆಯನ್ನು ಒಡ್ಡಿದರು. ಅವನು ಅತ್ತ ನೋಡಲೇ ಇಲ್ಲ. ಇವನಿಗೂ ಮನೆಯಲ್ಲಿ ಇದೇ ಪಾಠವಾಗಿದೆ ಎಂದು ಶರಣಪ್ಪನವರಿಗೆ ಆಗ ಹೊಳೆಯಿತು.

ಸುತ್ತ ನಿಂತ ಬಂಗಾಳಿ ಹಿರಿಯರು ಉಸಿರು ಬಿಗಿಹಿಡಿದಿದ್ದರು. "ಕಂಪ್ಯೂಟರಿನಿಂದ ಬಂದ ಓಪನಿಂಗ್, ದಾದಾ. ನಮಗೆ ತಿಳಿಯುವಂಥದ್ದಲ್ಲ," ಎಂದರು ಒಬ್ಬರು.

"ಎಲ್ಲಿಯ ಕಂಪ್ಯೂಟರ್? ದಕ್ಷಿಣದವರ ಹಳೇ ವಿದ್ಯೆ ಅದು," ಎಂದು ಇನ್ನೊಬ್ಬರು ಚಹಾದಲ್ಲಿ ಬಿಸ್ಕತ್ತು ಅದ್ದಿದರು.

ಮಣ್ಣಿನ ಕುಡಿಕೆಯಲ್ಲಿ ಅಪ್ಪನಿಗೆ ಚಹಾ ತಂದ ಪೂರ್ವಿ ಹಲಗೆಯ ಮೇಲೊಮ್ಮೆ ಕಣ್ಣಾಡಿಸಿದಳು. ಆ ಕ್ಲಬ್ಬಿನಲ್ಲಿ ಕನ್ನಡ ತಿಳಿದವರು ಮೂವರೇ.

"ಇದೇನ್ ತಮಾಷಾ, ಪಪ್ಪಾ? ಮದುವಿಗೆ ನನ್ ಆನ್ಸರ್ ಹೂಂ. ಇಬ್ರಿಗೂ ಹೇಳಾಕತ್ತೀನಿ. ಈಗ ಪ್ರಾಪರ್ ಆಗಿ ಆಡ್ರಿ."

ಮಾಧವನ ಕಿವಿ ಕೆಂಪಾಯಿತು. ಅಲ್ಲಿಂದ ಮುಂದೆ ಇಬ್ಬರೂ ಜೀವ ತೇದು ಆಡಿದರು. ಆದರೆ ಅಷ್ಟರೊಳಗೆ ಆಟ ಕೆಡಿಸಿಕೊಳ್ಳುವುದರಲ್ಲಿ ಶರಣಪ್ಪನವರದೇ ಮೇಲುಗೈಯಾಗಿತ್ತು; ಮೂರು ಫೈನಲ್ಲುಗಳ ಅನುಭವ ಸುಮ್ಮನೆ ಹೋಗುತ್ತದೆಯೇ? ಬಾಗಿಲಿಲ್ಲದ ಮನೆಯ ರಾಜನನ್ನು ಸಂಜೆಯವರೆಗೆ ಬೆವರು ಸುರಿಸಿ ಕಾದರು. ಕೊನೆಗೆ ಸೋತರು.

ಮನೆಯಲ್ಲಿ ಸುದ್ದಿ ಕೇಳಿದ ಚನ್ನಮ್ಮನ ಕಣ್ಣು ತುಂಬಿ ಬಂತು. ಬಿಸಿ ಹೋಳಿಗೆಗೆ ತುಪ್ಪ ಸುರಿದರು. "ನನ್ನ ಮಾತಿಗಾಗಿ ಕಪ್ ಗೆಲ್ಲೋ ಆಸೆ ಬಿಟ್ಟು ಸೋತ್ರಲ್ರೀ. ಇಂಥಾ ಗಂಡ ಯಾರಿಗೆ ಸಿಗ್ತಾನ?"

ಶರಣಪ್ಪನವರು ಮಗಳ ಮುಖ ನೋಡಿದರು. ಅವಳು ಕಿಟಕಿಯ ಕಡೆ ತಿರುಗಿದಳು.

"ಭಾಳ ತ್ರಾಸ ಆತು," ಎಂದು ಅವರು ಇನ್ನೊಂದು ಹೋಳಿಗೆಗೆ ತಟ್ಟೆ ಮುಂದೆ ಸರಿಸಿದರು.