ಕೇಬಲ್ ಕಡಿದ ಶರೀಫ

ಎಪ್ಪತ್ತೊಂದರ ಬೇಸಿಗೆಯಲ್ಲಿ ನೌಕಾಪಡೆಯ ಹೊಸ ಹೆಲಿಕಾಪ್ಟರಿನ ಪರೀಕ್ಷೆ ಮುಂಬಯಿಯ ಕಡಲ ಮೇಲೆ ನಡೆದಿತ್ತು. ನೀರಿನಡಿಯ ಸಬ್‌ಮೆರೀನ್ ಹುಡುಕುವುದು ಅದರ ಕೆಲಸ. ಅಲೆಗಳ ಮೇಲೆ ನಿಂತಲ್ಲೇ ನಿಂತು, ಹೊಟ್ಟೆಯ ಕಂಡಿಯಿಂದ ಕೇಬಲ್ ಕಟ್ಟಿದ ಯಂತ್ರವೊಂದನ್ನು ನೀರಿಗಿಳಿಸಿ, ಆಳದ ಸದ್ದು ಕೇಳಬೇಕು. ಕೇಳುವವನು ವಿಜಾಪುರದ ಶರೀಫ. ಎರಡು ವರ್ಷ ತರಬೇತಿ ಪಡೆದು ಆ ಕುರ್ಚಿ ಗಿಟ್ಟಿಸಿಕೊಂಡಿದ್ದ.

ಕೊನೆಯ ಪರೀಕ್ಷೆಯ ದಿನ ಕೇಬಲ್ ಇದ್ದಕ್ಕಿದ್ದಂತೆ ಬಿಗಿದು ಹೆಲಿಕಾಪ್ಟರ್ ವಾಲಿತು. ಶರೀಫ ಕಂಡಿಯಿಂದ ಬಗ್ಗಿ ನೋಡಿದ. ಕೆಳಗೆ ಮೀನುಗಾರರ ದೋಣಿ, ಮೂರು ಜನ.

"ಸರ್, ಮೀನಿನ ಬಲ್ಯಾಗ ಸಿಕ್ಕೊಂಡೈತ್ರಿ! ದೋಣೀನೂ ಜಗ್ಗಾಕತ್ತೈತಿ!"

ಮೇಲೇರಿದರೆ ದೋಣಿ ಮಗುಚುತ್ತದೆ. ಹಾಗೇ ನಿಂತರೆ ಕೇಬಲ್ ತಮ್ಮನ್ನೇ ನೀರಿಗೆ ಎಳೆಯುತ್ತದೆ. ಪೈಲಟ್ ಕೊರಗಪ್ಪ ಉಡುಪಿಯವರು. ಅವರ ದನಿ ನಡುಗಿದ್ದನ್ನು ಶರೀಫ ಕೇಳಿದ್ದು ಅದೇ ಮೊದಲು.

"ಕಟ್ ಮಾಡು ಮಾರಾಯ, ಬೇಗ!"

ಕೇಬಲ್ ಕತ್ತರಿಸುವ ಬಟನ್ನನ್ನು ಶರೀಫ ಒತ್ತಿದ. ಮತ್ತೆ ಮತ್ತೆ ಒತ್ತಿದ.

"ಬಟನ್ ಕೆಲಸಾನ ಮಾಡವಲ್ದ್ರಿ ಸರ್!"

ಹೆಲಿಕಾಪ್ಟರ್ ಇನ್ನಷ್ಟು ಕುಸಿಯಿತು, ಕಂಡಿಯಿಂದ ಉಪ್ಪುನೀರು ಮುಖಕ್ಕೆ ರಾಚಿತು. ದೋಣಿಯವನೊಬ್ಬ ಬಲೆಯ ಹಗ್ಗಕ್ಕೆ ಕತ್ತಿಯಿಂದ ಹೊಡೆಯುತ್ತ ಮೇಲೆ ನೋಡಿ ಬಾಯಿ ಬಾಯಿ ಬಡಿದುಕೊಳ್ಳುತ್ತಿದ್ದ. ಶರೀಫ ಗೋಡೆಯಲ್ಲಿದ್ದ ದೊಡ್ಡ ಕತ್ತರಿಯನ್ನು ಕಿತ್ತುಕೊಂಡು ಮೊಣಕಾಲೂರಿದ. ಉಕ್ಕಿನ ಎಳೆಗಳು ಒಂದೊಂದಾಗಿ ಹರಿದವು. "ಯಾ ಅಲ್ಲಾ, ಯಾ ಅಲ್ಲಾ" ಎನ್ನುತ್ತ ಇಡೀ ಮೈಭಾರ ಹಾಕಿದ. ಕಡೆಯ ಎಳೆ ಹರಿದು ಚಾಟಿಯಂತೆ ಮೇಲೆ ಚಿಮ್ಮಿತು. ಹೆಲಿಕಾಪ್ಟರ್ ಎಗರಿ ಮೇಲಕ್ಕೇರಿತು. ಕೆಳಗೆ ದೋಣಿ ನೆಟ್ಟಗಾಯಿತು. ಅದನ್ನು ನೋಡಿದ ಮೇಲೆಯೇ ಅವನಿಗೆ ತನ್ನ ಬಲಗೈ ಕಾಣಿಸಿದ್ದು. ಎರಡು ಬೆರಳು ಇರಲಿಲ್ಲ.

ಆಸ್ಪತ್ರೆಯ ಡಾಕ್ಟರು ಇನ್ನು ಹಾರುವಂತಿಲ್ಲ ಎಂದು ಬರೆದುಬಿಟ್ಟರು. ಶರೀಫ ಅವರ ಕಾಲು ಹಿಡಿದ.

"ಸಾಹೇಬ್ರ, ಕೇಳೂದು ಕಿವಿಲೇರಿ! ಮೂರು ಬೆರಳು ಸಾಕ್ರಿ ನನಗ!"

ಡಾಕ್ಟರು ಕಾಗದ ಮಡಚಿ ಹೊರಟುಹೋದರು. ಆಂಟಾಪ್ ಹಿಲ್‌ನ ಮನೆಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದ ಹೆಂಡತಿ ನೂರಜಹಾನ ಪಕ್ಕದಲ್ಲಿ ಕುಳಿತಳು.

"ಜೀಂವ ಉಳಿದೈತಲ್ಲ, ಅಷ್ಟ ಸಾಕ್ರಿ" ಎಂದಳು.

"ನಿನಗ ಸಾಕು," ಎಂದು ಶರೀಫ ಗೋಡೆಯ ಕಡೆ ಹೊರಳಿದ.

ವಿಚಾರಣೆಯಲ್ಲಿ ಬಟನ್ನಿನ ತಂತಿಯೇ ಸಡಿಲವಿತ್ತೆಂದು ಗೊತ್ತಾಯಿತು. ಅದನ್ನು ಸರಿಪಡಿಸಿ, ಮಳೆಗಾಲ ಮುಗಿದ ಮೇಲೆ ಹೆಲಿಕಾಪ್ಟರನ್ನು ಸೇವೆಗೆ ಸೇರಿಸಿಕೊಂಡರು. ಬ್ಯಾಂಡು, ಬಿಳಿ ಯೂನಿಫಾರ್ಮು, ಭಾಷಣ. ಕೊರಗಪ್ಪ ಶರೀಫನನ್ನು ಕೈಹಿಡಿದು ಮುಂದಿನ ಸಾಲಿಗೆ ತಂದು ನಿಲ್ಲಿಸಿದರು. ಅವನ ಕುರ್ಚಿಯಲ್ಲಿ ಈಗ ಕಾಶಪ್ಪನೆಂಬ ಹೊಸಬ ಕುಳಿತಿದ್ದ. ರೆಕ್ಕೆಗಳು ತಿರುಗತೊಡಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಶರೀಫನೂ ತಟ್ಟಿದ. ಆಮೇಲೆ ಸಾಲು ಬಿಟ್ಟು ಹ್ಯಾಂಗರಿನ ಹಿಂದೆ ಹೋಗಿ, ಆ ಸದ್ದು ಕಡಲ ಮೇಲೆ ಪೂರ್ತಿ ಅಡಗುವವರೆಗೂ ಬಿಕ್ಕಿ ಬಿಕ್ಕಿ ಅತ್ತ.