ಇನಾಸನ ಎಡಗಾಲಿನ ಬೂಟು

ಇನಾಸ್ ಬಾರೆತ್ತೊ ವೇದಿಕೆ ಹತ್ತಿದೊಡನೆ ಮಾಡುತ್ತಿದ್ದ ಮೊದಲ ಕೆಲಸ ಎಡಗಾಲಿನ ಬೂಟನ್ನು ಕಳಚಿ ಪಕ್ಕಕ್ಕಿಡುವುದು. ಬಲಗಾಲಿನದು ಇದ್ದಲ್ಲೇ ಇರುತ್ತಿತ್ತು. ಮೈಮೇಲೆ ಬ್ಯಾಂಡಿನ ಕಡುಗೆಂಪು ಕೋಟು, ಕತ್ತಿನಲ್ಲಿ ಕರಿಯ ಬೋ, ಬಲಗಾಲಿನಲ್ಲಿ ಮುಖ ಕಾಣುವಷ್ಟು ಹೊಳಪಿನ ಬೂಟು, ಎಡಗಾಲಿನಲ್ಲಿ ಹೆಬ್ಬೆರಳು ಇಣುಕುವ ಕಾಲುಚೀಲ, ಈ ವಿಚಿತ್ರ ವೇಷದಲ್ಲಿ ಅವನು ಇಪ್ಪತ್ತೇಳು ವರ್ಷ ಗೋವೆಯ ಸಾಷ್ಟಿ ತಾಲೂಕಿನ ಊರೂರಿನ ಮದುವೆಗಳಲ್ಲಿ ನಿಂತು ಬೇಸ್ ಗಿಟಾರ್ ನುಡಿಸಿದ. ನೋಡಿದವರು ನಕ್ಕರು, ನಗಲಿ. ತನ್ನ ವಾದ್ಯ ಕಿವಿಗಿಂತ ಮೊದಲು ಅಂಗಾಲಿಗೆ ಕೇಳಿಸಬೇಕು, ಹಲಗೆ ನಡುಗದಿದ್ದರೆ ನುಡಿಸಿದ್ದು ನಿಜವೇ ಅಲ್ಲ ಎಂಬುದು ಅವನ ಶಾಸ್ತ್ರ. "ಸಿಟ್ಟಾಗ್ಬೇಡ, ಕಿವಿ ಸುಳ್ಳು ಹೇಳ್ತದೆ ಮಾರಾಯ, ಕಾಲು ಹೇಳೋದಿಲ್ಲ" ಎಂದು ಅವನು ನನಗೆ ಮೊದಲ ದಿನವೇ ಹೇಳಿದ್ದ. ಆ ಕಾಲೂ ಅವನಿಗೆ ಸುಳ್ಳು ಹೇಳುವಂತೆ ಮಾಡಿದವರು ನಾವು. ಅದನ್ನು ಬರೆಯಲು ಕೂತಿದ್ದೇನೆ, ಮತ್ತು ತಣ್ಣಗೆ ಬರೆಯುವ ಉದ್ದೇಶ ನನಗಿಲ್ಲ.

"ಸಿಟ್ಟಾಗ್ಬೇಡ" ಎಂಬುದು ಅವನ ಮಾತಿನ ಹೊಸ್ತಿಲು, ಅದನ್ನು ದಾಟದೆ ಅವನ ಯಾವ ವಾಕ್ಯವೂ ಹೊರಬರುತ್ತಿರಲಿಲ್ಲ. ಸಿಟ್ಟಾಗ್ಬೇಡ, ಆ ಉಪ್ಪು ಇತ್ತ ಕೊಡು. ಸಿಟ್ಟಾಗ್ಬೇಡ, ನಿನ್ನ ಅಂಗಿ ಚೆನ್ನಾಗಿದೆ. ಜಗತ್ತಿನಲ್ಲಿ ತಾನು ಜಾಗ ಹಿಡಿದಿರುವುದಕ್ಕೇ ಕ್ಷಮೆ ಕೇಳುವವನ ಹಾಗಿರುತ್ತಿತ್ತು ಅದು. ವಾರವೆಲ್ಲ ಅವನು ವಿದ್ಯುತ್ ಇಲಾಖೆಯ ಲೈನ್‌ಮ್ಯಾನ್. ಕಂಬ ಹತ್ತಿಳಿದು ಮೊಣಕಾಲು ಹೊರಬಾಗಿ, ನೆಲದ ಮೇಲೆ ನಡೆಯುವಾಗಲೂ ಕಂಬವನ್ನು ತೊಡೆಗಳ ನಡುವೆ ಇರಿಸಿಕೊಂಡವನಂತೆ ಅಗಲವಾಗಿ ಹೆಜ್ಜೆಯಿಡುತ್ತಿದ್ದ. ಕೋಟಿನ ಮೇಲುಜೇಬಿನಲ್ಲಿ ಇತರ ವಾದಕರು ಬಣ್ಣದ ಕರವಸ್ತ್ರ ಸಿಕ್ಕಿಸಿಕೊಂಡರೆ ಇವನ ಜೇಬಿನಲ್ಲಿ ಟೆಸ್ಟರ್. ಯಾವ ಹಾಲ್‌ಗೆ ಹೋದರೂ ಮೊದಲು ಪ್ಲಗ್ಗು ಪ್ಲಗ್ಗಿಗೂ ಟೆಸ್ಟರ್ ಇಟ್ಟು, ಅರ್ಥ್ ಇದೆಯೇ ನೋಡಿ, ಸವೆದ ವಯರಿಗೆ ಪಟ್ಟಿ ಸುತ್ತಿ, ಆಮೇಲೆಯೇ ಉಳಿದವರನ್ನು ವೇದಿಕೆಗೆ ಬಿಡುತ್ತಿದ್ದ. ನಮ್ಮ ಗಾಯಕಿ ಮೈಕು ಹಿಡಿದು ತುಟಿ ಸುಟ್ಟುಕೊಳ್ಳದೆ ಇಷ್ಟು ವರ್ಷ ಹಾಡಿದ್ದು ಇವನ ದಯೆಯಿಂದ. ಅವಳಿಗೆ ಅದು ಗೊತ್ತಿರಲಿಲ್ಲ, ಇವನು ಹೇಳಲೂ ಇಲ್ಲ.

ಬೇಸ್ ನುಡಿಸುವವನನ್ನು ನಮ್ಮ ಜನ ನಡೆಸಿಕೊಳ್ಳುವ ರೀತಿಯ ಬಗ್ಗೆ ನಾನು ಒಂದು ಮಾತು ಹೇಳಲೇಬೇಕು. ಗಾಯಕಿಯ ಕೈಗೆ ಹೂಗುಚ್ಛ, ಗಿಟಾರಿನವನಿಗೆ ಶಿಳ್ಳೆ. ನಾನು ಡ್ರಮ್ಮಿನವನು, ವಾರವಿಡೀ ಶಾಲೆಯಲ್ಲಿ ಭೂಗೋಳ ಹೇಳಿ ಶನಿವಾರ ಕೋಲು ಹಿಡಿಯುವವನು, ನನಗೂ ಯಾರಾದರೂ ಒಂದು ಗ್ಲಾಸು ತಂದುಕೊಡುತ್ತಾರೆ. ಇವನನ್ನು ಮಾತ್ರ, "ಆ ಕೊನೇಲಿ ನಿಂತವನು ಬ್ಯಾಂಡಿನವನಾ, ಇಲ್ಲಾ ಕರೆಂಟಿನವನಾ?" ಎಂದು ಕೇಳುತ್ತಾರೆ. ಊರಿನ ಮದುವೆ ಆಲ್ಬಮ್ಮುಗಳನ್ನೆಲ್ಲ ತೆಗೆಸಿ ನೋಡಿ, ಇನಾಸನ ಮೊಣಕೈ ಸಿಗುತ್ತದೆ, ಮುಖ ಸಿಗುವುದಿಲ್ಲ. ಅವನು ನುಡಿಸಿದ್ದಕ್ಕೆ ಸೊಂಟ ಕುಣಿಸಿದ ಸಾವಿರಾರು ಮಂದಿಗೆ ತಮ್ಮ ಸೊಂಟ ಯಾರ ಮಾತು ಕೇಳುತ್ತಿದೆ ಎಂಬ ಪರಿವೆಯೇ ಇರಲಿಲ್ಲ. ಉಂಡವರಿಗೆ ಒಲೆಯ ನೆನಪೆಲ್ಲಿ?

ಅವನಿಗೆ ಇದರಿಂದ ಬೇಸರವಾದದ್ದನ್ನು ನಾನು ಕಾಣೆ. ತನ್ನ ಮದುವೆಯ ದಿನ, ಕರೆಸಿದ ಬ್ಯಾಂಡಿನ ಬೇಸಿನವನು ಫೆನಿ ಹೆಚ್ಚಾಗಿ ತಾಳ ತಪ್ಪುತ್ತಿದ್ದಾನೆಂದು ತಾಳಲಾರದೆ, ಮದುಮಗ ತಾನೇ ಬೂಟು ಕಳಚಿ ವೇದಿಕೆ ಹತ್ತಿಬಿಟ್ಟಿದ್ದ. ಹೆಂಡತಿ ಕ್ಲಾರಿನಾ ಮೊದಲ ವಾಲ್ಟ್ಜ್ ಕುಣಿದದ್ದು ಮೈದುನನ ಜೊತೆ. "ಇಷ್ಟು ವರ್ಷ ಆಯ್ತು, ಈ ಗಂಡಸು ನನ್ನ ಜೊತೆ ಜೋಡಿ ಸಾಲಲ್ಲಿ ಒಂದು ಮಾರ್ಚ್ ನಡೆದಿಲ್ಲ. ಬೇರೆಯವರ ಹೆಂಡ್ತೀರನ್ನೆಲ್ಲ ಕುಣಿಸ್ತಾನೆ, ಮನೇಲಿದ್ದೋಳು ಕುರ್ಚಿ ಕಾಯ್ಬೇಕು" ಎಂದು ಅವಳು ಎಲ್ಲರೆದುರೂ ಬೈಯುತ್ತಿದ್ದಳು. "ಸಿಟ್ಟಾಗ್ಬೇಡ, ಸುಝೆಟ್ ಮದ್ವೇಲಿ ನಡೀತೀನಿ" ಎನ್ನುತ್ತಿದ್ದ ಇವನು. ಸುಝೆಟ್ ಅವನ ತಂಗಿಯ ಮಗಳು, ಆಗ ಇನ್ನೂ ಹಲ್ಲು ಬೀಳುತ್ತಿದ್ದ ಹುಡುಗಿ. ಜ್ಞಾನಸ್ನಾನದಲ್ಲಿ ಅವಳನ್ನು ಎತ್ತಿ ಹಿಡಿದ ಪಾದ್ರಿನ್, ಅಂದರೆ ಧರ್ಮಪಿತ, ಇವನೇ.

ಇನ್ನು ಆಲ್ವಿಟೊ. ನಮ್ಮ ಬ್ಯಾಂಡಿನ ಯಜಮಾನ, ಕೀಬೋರ್ಡ್ ನುಡಿಸುವವನು, ಹಾಲು ಕುಡಿದ ಬೆಕ್ಕಿನ ಮುಖದವನು. ಎರಡು ವರ್ಷದ ಕೆಳಗೆ ಅವನು ಹೊಸ ಕೀಬೋರ್ಡ್ ತಂದ. ಮೊದಲೇ ತುಂಬಿಸಿಟ್ಟರೆ ಬೇರೆ ವಾದ್ಯಗಳನ್ನೂ ತಾನೇ ನುಡಿಸುವ ಯಂತ್ರ ಅದು. ತಂದವನೇ ಇನಾಸನ ಮನೆಗೆ ಹೋಗಿ, "ಮಾಮ, ನಿನ್ನ ಬೆರಳು ಹೋಗೋ ದಾರಿ ಒಂದ್ಸಲ ಕಲಿಸಿಕೊಡು, ಎಡಗೈಗೆ ಅಭ್ಯಾಸ ಮಾಡ್ಕೋತೀನಿ" ಎಂದ. ಕೇಳಿದವರಿಲ್ಲದೆ ಬದುಕಿದ ಮನುಷ್ಯ, ಕೇಳಿದ್ದೇ ಭಾಗ್ಯವೆಂದುಕೊಂಡ. ಮೂರು ಭಾನುವಾರ ಪೂಜೆ ಮುಗಿದ ಮೇಲೆ ಕೂತು, ಮಾರ್ಚಿನಲ್ಲಿ ಎಲ್ಲಿ ಕೆಳಗಿಳಿಯಬೇಕು, ಕೊಂಕಣಿ ಹಾಡುಗಳ ಸರದಲ್ಲಿ ಎಲ್ಲಿ ಒಂದು ಸ್ವರ ನುಂಗಿ ಕುಣಿಯುವವರನ್ನು ಅರೆಕ್ಷಣ ಗಾಳಿಯಲ್ಲಿ ನಿಲ್ಲಿಸಬೇಕು, ಇಪ್ಪತ್ತೈದು ವರ್ಷದ ಗಳಿಕೆಯನ್ನೆಲ್ಲ ಬಿಚ್ಚಿಟ್ಟ. ಕ್ಲಾರಿನಾ ಆಲ್ವಿಟೊನಿಗೆ ಮೂರು ಭಾನುವಾರವೂ ಹಂದಿಮಾಂಸದ ಸೊರ್ಪೊತೆಲ್ ಬಡಿಸಿದಳು. ಅವನು ಅದನ್ನೂ ತಿಂದ, ಎರಡನೇ ಸಲ ಬಡಿಸಿಕೊಂಡು ತಿಂದ.

ಆಮೇಲಿನದು ಸುಲಭ. ಕಲಿತದ್ದನ್ನೆಲ್ಲ ಅವನು ಯಂತ್ರಕ್ಕೆ ತುಂಬಿಸಿದ. ಯಂತ್ರದ ಬೇಸು ಹಾಲಿನ ದೊಡ್ಡ ಸ್ಪೀಕರಿನಲ್ಲಿ. ಇನಾಸನದು ಅವನ ಬೆನ್ನ ಹಿಂದಿನ ಸಣ್ಣ ಪೆಟ್ಟಿಗೆಯಲ್ಲಿ ಮಾತ್ರ. ಹಾಲಿನ ಕೊನೆಯಲ್ಲಿ ಸೌಂಡಿನವನು ಕೂರುವ ಮೇಜಿನಲ್ಲಿ ಇನಾಸನ ಸದ್ದು ಏರಿಳಿಸುವ ಗುಬಟು ಪೂರ್ತಿ ಇಳಿದಿತ್ತು. ಅವನಿಗೆ ತನ್ನ ಸದ್ದು ಕೇಳುತ್ತಿತ್ತು, ಅಂಗಾಲಿನ ಕೆಳಗೆ ಹಲಗೆ ನಡುಗುತ್ತಿತ್ತು, ಸಾಲದೇ? ವೇದಿಕೆಯ ಆಚೆ ಅವನ ಒಂದು ಸ್ವರವೂ ಹೋಗುತ್ತಿರಲಿಲ್ಲ. ಪರರ ಪ್ಲಗ್ಗುಗಳನ್ನೆಲ್ಲ ಪರೀಕ್ಷಿಸುವ ಲೈನ್‌ಮ್ಯಾನ್ ತನ್ನ ವಯರು ಎಲ್ಲಿಗೆ ಹೋಗಿ ಸಾಯುತ್ತದೆ ಎಂದು ಒಂದು ದಿನವೂ ನೋಡಲಿಲ್ಲ.

"ಮಶೀನ್ ತಪ್ಪೋದಿಲ್ಲ, ಜನಕ್ಕೆ ರೆಕಾರ್ಡಿನ ಹಾಗೇ ಬೇಕು" ಎಂದ ಆಲ್ವಿಟೊ ನನ್ನೊಡನೆ. "ಐದು ಜನ ಅಂತ ಒಪ್ಕೊಂಡಿದ್ದೀವಿ, ಐದನೆಯವನು ನಿಂತಿರ್ಲಿ. ಅವನಿಗೂ ಖುಷಿ, ನಮಗೂ ತಂಟೆ ಇಲ್ಲ. ನೀನು ಬಾಯ್ಬಿಡ್ಬೇಡ."

ನಾನು ಬಾಯಿ ಬಿಡಲಿಲ್ಲ. ಅದೇ ಯಂತ್ರದೊಳಗೆ ಡ್ರಮ್ಮೂ ಇತ್ತು, ಅದನ್ನೂ ಆನ್ ಮಾಡಲು ಒಂದೇ ಬೆರಳು ಸಾಕಿತ್ತು. ಯಂತ್ರದ ತಾಳಕ್ಕೆ ಹೊಂದಿಕೊಳ್ಳಲು ನನ್ನ ಕಿವಿಗೆ ಹೆಡ್‌ಫೋನ್ ಹಾಕಿದರು, ಅದರೊಳಗೆ ಟಿಕ್ ಟಿಕ್ ಎಂದು ಬಡಿಯುತ್ತಿತ್ತು. ಇನಾಸ್ ಮೊದಲ ದಿನವೇ ಕೇಳಿದ, "ಸಿಟ್ಟಾಗ್ಬೇಡ, ಇದೆಂತದು ಕಿವಿಗೆ?"

"ಕಿವಿ ನೋವು" ಎಂದೆ. "ಸದ್ದು ತಡೀಬೇಕು ಅಂತ ಡಾಕ್ಟರ್ ಹೇಳಿದ್ದಾರೆ."

ಹೀಗೆ ಅವನ ಕಿವಿಯ ಮೇಲೆ ಹೂವಿಟ್ಟವನು ನಾನು. ಅವನೇನು ಮಾಡಿದ ಗೊತ್ತೇ? ಮರುವಾರ ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆಯನ್ನು ಸಣ್ಣ ಶೀಶೆಯಲ್ಲಿ ತಂದುಕೊಟ್ಟ, ಕ್ಲಾರಿನಾ ಕೈಯಾರೆ ಮಾಡಿದ್ದು. ನನ್ನ ಪಕ್ಕದಲ್ಲಿದ್ದ ತನ್ನ ಪೆಟ್ಟಿಗೆಯ ಸದ್ದನ್ನು, ನನ್ನ ಕಿವಿಗೆ ತೊಂದರೆಯಾದೀತೆಂದು, ಅರ್ಧಕ್ಕೆ ಇಳಿಸಿದ. ಆಗ ಹಾಲಿನ ಕಡೆಯಿಂದ ಯಂತ್ರದ ಬೇಸು ಅವನಿಗೂ ಕೇಳಿಸತೊಡಗಿತು. ಅದು ತನ್ನದೇ ಎಂದು ಅವನು ಹಿಗ್ಗಿದ! "ಸಿಟ್ಟಾಗ್ಬೇಡ, ಕೇಳಿದ್ಯೇನೋ? ನಾನು ಕಮ್ಮಿ ಮಾಡಿದ್ರೂ ಹೊರಗೆ ಎಷ್ಟು ದಪ್ಪ ಬರ್ತಿದೆ ನೋಡು" ಎನ್ನುವಾಗ ಅವನ ಮುಖದಲ್ಲಿದ್ದ ಬೆಳಕನ್ನು ನೆನೆದರೆ ಇಂದಿಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ. ಆ ದಿನವೂ ನಾನು ತಲೆಯಾಡಿಸಿದೆ, ಕೋಲೆಬಸವನ ಹಾಗೆ.

ಸುಝೆಟ್‌ಳ ಮದುವೆ ಕಳೆದ ಈಸ್ಟರ್ ಆದ ಎರಡನೇ ವಾರ. ಬ್ಯಾಂಡು ನಮ್ಮದೇ. ಜೋಡಿಗಳು ಸಾಲಾಗಿ ಹೆಜ್ಜೆ ಹಾಕುವ ಮಾರ್ಚಿನ ಹೊತ್ತಿಗೆ ಇನಾಸ್ ಕಡುಗೆಂಪು ಕೋಟು ಕಳಚಿ ಪೆಟ್ಟಿಗೆಯ ಮೇಲಿಟ್ಟು, ಕಪ್ಪು ಸೂಟಿನ ಕೋಟು ತೊಟ್ಟು, ಎರಡೂ ಕಾಲಿಗೆ ಬೂಟು ಹಾಕಿಕೊಂಡ. "ಸಿಟ್ಟಾಗ್ಬೇಡ ಆಲ್ವಿಟೊ, ಒಂದು ಮಾರ್ಚ್ ನಿನ್ನ ಎಡಗೈಲಿ ಸುಧಾರಿಸ್ಕೋ" ಎಂದು ಇಳಿದುಹೋದ. ಮದುಮಕ್ಕಳ ಹಿಂದೆ ತಂದೆತಾಯಿ, ಅವರ ಹಿಂದೆ ಪಾದ್ರಿನ್ ಇನಾಸ್, ಅವನ ತೋಳಿನಲ್ಲಿ ಕ್ಲಾರಿನಾ, ಹಿಂದೆ ಇನ್ನೂರು ಜೋಡಿ. ಆಲ್ವಿಟೊ ಯಂತ್ರವನ್ನು ಹಾಗೆಯೇ ಬಿಟ್ಟ. ಮರೆತನೋ ಧಿಮಾಕೋ, ನನಗೆ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇಲ್ಲ.

ಸಾಲು ದೊಡ್ಡ ಸ್ಪೀಕರಿನ ಮುಂದೆ ಬಂದಾಗ ಇನಾಸನ ಹೆಜ್ಜೆ ಒಂದು ಕ್ಷಣ ತಡವರಿಸಿತು. ಅವನ ಅಂಗಾಲಿನ ಕೆಳಗೆ ಅವನೇ ನುಡಿಯುತ್ತಿದ್ದ. ಇಳಿಯಬೇಕಾದಲ್ಲಿ ಇಳಿದು, ನುಂಗಬೇಕಾದ ಸ್ವರ ನುಂಗಿ, ಒಂದೂ ತಪ್ಪದೆ. ಅವನು ತಲೆಯೆತ್ತಿ ವೇದಿಕೆಯಲ್ಲಿ ತನ್ನ ಗಿಟಾರು ಸ್ಟ್ಯಾಂಡಿಗೆ ಒರಗಿ ನಿಂತಿರುವುದನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ನನ್ನ ಕಿವಿಯಲ್ಲಿ ಟಿಕ್ ಟಿಕ್ ನಿಲ್ಲಲಿಲ್ಲ, ನಾನೂ ನಿಲ್ಲಿಸಲಿಲ್ಲ. ಸುಝೆಟ್‌ಳ ಮದುವೆ, ಅವನು ಸಾಲು ಮುರಿಯದೆ ಮೂರು ಸುತ್ತನ್ನೂ ನಡೆದು ಮುಗಿಸಿದ.

ಮುಗಿದ ಮೇಲೆ ವೇದಿಕೆ ಹತ್ತಿ ತನ್ನ ವಯರಿನ ತುದಿ ಹಿಡಿದುಕೊಂಡ. ಮಳೆಯಲ್ಲಿ ಕಡಿದ ಲೈನು ಹುಡುಕುವ ಹಾಗೆ ಅದನ್ನು ಕೈಯಲ್ಲಿ ಎಳೆಯುತ್ತ, ಬಗ್ಗಿ, ಕುರ್ಚಿಗಳನ್ನು ಸರಿಸುತ್ತ, ರೇಷ್ಮೆ ಗೌನುಗಳ ಅಂಚಿನಡಿಯಲ್ಲಿ ಹಾಲಿನುದ್ದಕ್ಕೂ ಹೋದ. "ಪಾದ್ರಿನ್‌ಗೆ ಏರಿದೆ" ಎಂದು ಯಾರೋ ನಕ್ಕರು. ಸೌಂಡಿನವನ ಮೇಜಿನಲ್ಲಿ ವಯರು ಮುಗಿಯಿತು. ಅಲ್ಲಿ ಪ್ರತಿ ಗುಬಟಿನ ಕೆಳಗೂ ಪಟ್ಟಿ ಅಂಟಿಸಿ ಹೆಸರು ಬರೆದಿದ್ದರು: ಗಾಯಕಿ, ಗಿಟಾರ್, ಕೀಬೋರ್ಡ್, ಡ್ರಮ್. ಅವನ ವಯರು ಸೇರಿದ ಗುಬಟಿನ ಕೆಳಗೆ ಬರೆದದ್ದು "ಖಾಲಿ".

ತಿರುಗಿ ಬಂದವನು ಆಲ್ವಿಟೊನ ಕಡೆ ನೋಡಲೂ ಇಲ್ಲ. ನೇರ ನನ್ನ ಮುಂದೆ ನಿಂತು, "ಅದನ್ನ ತೆಗಿ. ನನ್ನ ಜೊತೆ ಒಂದು ಹಾಡು ಬಾರ್ಸು" ಎಂದ. ಸಿಟ್ಟಾಗ್ಬೇಡ ಎನ್ನಲಿಲ್ಲ. ನಾನು ಅವನ ಪಕ್ಕದಲ್ಲಿ ನುಡಿಸಿದ ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ.

ಹೆಡ್‌ಫೋನ್ ತೆಗೆಯಲು ಬೇಕಾದದ್ದು ಒಂದು ಕೈ. ನನಗೆ ಎರಡಿದ್ದವು. ಆಲ್ವಿಟೊ ನನ್ನನ್ನೇ ನೋಡುತ್ತಿದ್ದ, ಟಿಕ್ ಟಿಕ್ ಎಣಿಕೆ ಶುರುವಾಯಿತು, ನಾನು ಕೋಲು ಎತ್ತಿ ಯಂತ್ರದ ಜೊತೆ ಹೊರಟೆ. ಇನಾಸ್ ಅರ್ಧ ಹಾಡು ಅಲ್ಲೇ ನಿಂತಿದ್ದ. ಆಗ ಏನೂ ಅರಿಯದ ಸುಝೆಟ್ ಓಡಿಬಂದು, "ಮಾಮಾ, ಇವತ್ತೂ ಅಲ್ಲೇ ನಿಲ್ತೀಯಾ? ನಾಚಿಕೆ ಆಗಲ್ವಾ ನಿಂಗೆ, ಬಾ!" ಎಂದು ಕೈ ಹಿಡಿದು ಎಳೆದಳು. ಅವನು ಇಳಿದು, ತನ್ನದೇ ಕದ್ದ ಬೇಸಿಗೆ, ಒಂದು ಹೆಜ್ಜೆಯೂ ತಪ್ಪದೆ ಅವಳೊಡನೆ ಕುಣಿದ. ನಾಚಿಕೆಯಾಗಬೇಕಿದ್ದವರು ಮೇಲೆ ಕೂತಿದ್ದೆವು.

ಮರುದಿನ ಕಡುಗೆಂಪು ಕೋಟು ಇಸ್ತ್ರಿಯಾಗಿ ಆಲ್ವಿಟೊನ ಮನೆ ಸೇರಿತು. ಹೊಸ ಐದನೆಯವನು ಸಿಕ್ಕಿದ್ದಾನೆ, ನೋಡಲು ಚೆನ್ನಾಗಿದ್ದಾನೆ, ಗಿಟಾರಿಗೆ ತಂತಿ ಸರಿಯಾಗಿ ಬಿಗಿಯಲೂ ಬಾರದು, ಬೇಕಾಗಿಯೂ ಇಲ್ಲ.

ಜೂನಿನ ಗಾಳಿಗೆ ನಮ್ಮ ಕೇರಿಯ ಲೈನು ಕಡಿದಾಗ ದುರಸ್ತಿಗೆ ಬಂದವನು ಇನಾಸನೇ. ನಾನು ಕಂಬದ ಬುಡದಲ್ಲಿ ಕೊಡೆ ಹಿಡಿದು ನಿಂತು, "ಇಳಿದು ಬಾ ಮಾರಾಯ, ಮಾತಾಡೋದಿದೆ" ಎಂದೆ. ಅವನು ತಂತಿ ಬಿಗಿಯುವುದನ್ನು ನಿಲ್ಲಿಸದೆ ಮೇಲಿನಿಂದಲೇ ಕೂಗಿದ, ಎದುರಿನ ಹೆಂಡದಂಗಡಿಯವರೆಲ್ಲ ಕೇಳುವ ಹಾಗೆ:

"ಸಿಟ್ಟಾಗ್ಬೇಡ, ಕಿವಿ ವಾಸಿ ಆಯ್ತಾ?"

ಅವನು ಕೆಲಸ ಮುಗಿಸಿ ಇಳಿದು, ಏಣಿ ಹೆಗಲಿಗೇರಿಸಿ, ಕಾಲಗಲಿಸಿ ನಡೆದುಹೋದ. ನನ್ನ ಮನೆಯ ದೀಪ ಹತ್ತಿತು.

ಕೆಳಗೆ ನಿಂತು ಹೊರುವವರ ಬೆಲೆ ಅವರು ಹೋದ ಮೇಲಾದರೂ ತಿಳಿಯುತ್ತದೆ ಎಂದು ಹಿರಿಯರು ಹೇಳುತ್ತಾರೆ. ಆ ಮಾತು ಸುಳ್ಳು, ಹೊರಿಸಿದವರು ತಮ್ಮ ನಿದ್ದೆಗಾಗಿ ಕಟ್ಟಿಕೊಂಡದ್ದು. ಇನಾಸ್ ಹೋದ ಮೇಲೆ ನಾವು ಹದಿನಾಲ್ಕು ಮದುವೆಗಳಲ್ಲಿ ನುಡಿಸಿದ್ದೇವೆ, ಒಬ್ಬರೂ ಅವನೆಲ್ಲಿ ಎಂದು ಕೇಳಿಲ್ಲ, ಒಂದು ಸೊಂಟವೂ ಕುಣಿಯದೆ ನಿಂತಿಲ್ಲ. ಇಂಥವರು ಹೋದದ್ದು ಜಗತ್ತಿಗೆ ಗೊತ್ತಾಗುವುದಿಲ್ಲ. ಗೊತ್ತಾಗುವುದು ಅವರ ಪಕ್ಕದಲ್ಲಿ ಕೂತು ತಾಳ ಹಾಕಿದ ಒಬ್ಬನಿಗೆ ಮಾತ್ರ, ಮತ್ತು ಅವನು ಆಗಲೇ ಕಿವಿ ಮುಚ್ಚಿಕೊಂಡಿರುತ್ತಾನೆ.